ಹನಮೇಶನ ಅವ್ವನಿಗೆ ಹೇಳಬೇಕಾದ ಮಾತು

ಮಸ್ಕತ್, ಮಾರ್ಚ್ ೨೦೦೯

ಪ್ರೀತಿಯ ಅಕ್ಕನಿಗೆ ಕರುಣಾಳ ನಮಸ್ಕಾರ. ನಾನು ಆರಾಮ, ನಾಲ್ಕು ದಿನದಿಂದ ಊಟ ಮಾತ್ರ ಸೇರುತ್ತಿಲ್ಲ.

ನಮ್ಮ ವಾರ್ಡಿನಲ್ಲಿ ಹಳೇ ಹುಬ್ಬಳ್ಳಿಯ ಹನಮೇಶ ಎಂಬ ಗೌಂಡಿ ಇದ್ದ. ಕಟ್ಟಡದ ಮೇಲಿಂದ ಬಿದ್ದು ಬಂದವನು. ಗಂಟಲಲ್ಲಿ ಏನೂ ಇಳಿಯುತ್ತಿರಲಿಲ್ಲ, ಬರೀ ಸಲಾಯಿನ್. ಇಲ್ಲಿ ಅವನ ಮಾತು ತಿಳಿಯುವವಳು ನಾನೊಬ್ಬಳೇ. ನನ್ನ ಡ್ಯೂಟಿ ಮುಗಿದರೆ ಅವನು ಮೂಕ.

ಶುಕ್ರವಾರ ನನ್ನ ಲ್ಯಾಪ್‌ಟಾಪ್ ಒಯ್ದು ಇಂಟರ್‌ನೆಟ್ಟಿನಲ್ಲಿ ನಮ್ಮ ಕನ್ನಡ ಚಾನೆಲ್ ಹಚ್ಚಿಕೊಟ್ಟೆ. ಧಾರವಾಡದ ಕಡೆಯ ಹೆಂಗಸೊಬ್ಬಳು ರೊಟ್ಟಿ ಬಡಿಯುತ್ತ ಮಾತಾಡುತ್ತಿದ್ದಳು. ನೆಟ್ ನಿಧಾನ. ಅವಳ ಕೈ ಮೇಲೆದ್ದಲ್ಲೇ ಚಿತ್ರ ನಿಂತುಬಿಟ್ಟಿತು, ದನಿ ಮಾತ್ರ ಬರುತ್ತಿತ್ತು. ಸರಿಮಾಡಲು ಹೋದೆ.

"ಇರಲಿ ಬಿಡ್ರಿ ಸಿಸ್ಟರ್, ಬಂದ್ ಮಾಡಬ್ಯಾಡ್ರಿ. ಥೇಟ್ ನಮ್ಮವ್ವನ ಹಾಂಗ ಮಾತಾಡಾಕತ್ತಾಳ," ಎಂದ.

ಕಣ್ಣು ಮುಚ್ಚಿ ಕೇಳುತ್ತ ಮಲಗಿದ. ಸ್ವಲ್ಪ ಹೊತ್ತಿಗೆ ಉಸಿರು ಸಣ್ಣದಾಯಿತು. ಡಾಕ್ಟರರನ್ನು ಕೂಗಿ ಅವನ ಕೈ ಹಿಡಿದುಕೊಂಡೆ. "ಸಾಕವ್ವಾ, ಹೊಟ್ಟಿ ತುಂಬೇತಿ," ಅಂದ. ಮತ್ತೆ ಮಾತಾಡಲಿಲ್ಲ. ಆ ಹೆಂಗಸಿನ ದನಿ ಇನ್ನೂ ಬರುತ್ತಲೇ ಇತ್ತು.

ಕಂಪನಿಯವರು ಅವನ ತಾಯಿ ಸಾವಕ್ಕನಿಗೆ ಫೋನಿನಲ್ಲಿ ಸುದ್ದಿ ಮುಟ್ಟಿಸಿದ್ದಾರೆ. "ನನ್ನ ಮಗ ಪರದೇಶದಾಗ ಉಪಾಸ ಸತ್ತ," ಎಂದು ಅತ್ತರಂತೆ. ಅವನ ಜೊತೆಯವರು ನನಗೆ ಹೇಳಿದರು.

ಮನೆಯ ಗುರುತು ಅಂಚಿನಲ್ಲಿ ಬರೆದಿದ್ದೇನೆ. ಕೇಶ್ವಾಪುರದಿಂದ ನಿನಗೆ ದೂರವೇನಲ್ಲ, ನೀನೇ ಹೋಗಿ ಬಾ ಅಕ್ಕಾ. ಆ ತಾಯಿಯ ಪಕ್ಕ ಕುಳಿತು ಅವನ ಕೊನೆಯ ಮಾತು ಹೇಳು. ಅವನು ಅಂದ ಹಾಗೆಯೇ ಹೇಳು.

ಡ್ಯೂಟಿಗೆ ಹೊತ್ತಾಯಿತು.

ನಿನ್ನ ಕರುಣಾ