ದೊರೆಸಾನಿಯ ಕೋಣೆ

ಹೆರ್ನೆ,
ಬುಧವಾರ, ೬ ಫೆಬ್ರವರಿ ೨೦೧೯

ಪ್ರೀತಿಯ ಮಗಳು ವೀಬ್ಕೆಗೆ,

ನಿನ್ನ ಕಾಗದ ಬಂದಾಗ ಕ್ರಿಸ್‌ಮಸ್ಸಿನ ಮರ ಇನ್ನೂ ಬೀದಿಯಲ್ಲಿತ್ತು. ಈಗ ಅದರ ಎಲೆಯೂ ಉಳಿದಿಲ್ಲ, ನಾನಿನ್ನೂ ಉತ್ತರ ಬರೆಯುತ್ತಿದ್ದೇನೆ. ಬೈದುಕೊಂಡಿದ್ದರೆ ಅದು ನ್ಯಾಯವೇ. ನೀನು, ಮಗು ಇಬ್ಬರೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ನಿಮ್ಮ ಬ್ರೆಮನ್‌ನಲ್ಲಿ ಗಾಳಿ ಜೋರಂತೆ, ಗೆಳೆಯ ಲೋಥಾರ್‌ನ ರೇಡಿಯೋದಲ್ಲಿ ಕೇಳಿದೆ. ನನ್ನ ರೇಡಿಯೋ ಯಾಕೆ ಮಾತಾಡುತ್ತಿಲ್ಲ ಎಂಬುದನ್ನು ಮುಂದೆ ಬರೆಯುತ್ತೇನೆ.

ಗಣಿಯವರು ನಡೆಸುತ್ತಿದ್ದ ಸಂಜೆ ಕಾಲೇಜಿನಲ್ಲಿ ನಮಗೆ ಇಂಗ್ಲಿಷ್ ಪತ್ರಲೇಖನದ ಪಾಠವಿತ್ತು. ಮೊದಲು 'ವೆದರ್', ಆಮೇಲೆ 'ಹೆಲ್ತ್', ಕೊನೆಗೆ 'ಮ್ಯಾಟರ್' ಎಂದು ಮೇಷ್ಟ್ರು ಬೋರ್ಡಿನ ಮೇಲೆ ಬರೆದಿದ್ದರು. ಮಿಕ್ಕಿದ್ದೆಲ್ಲ ಮರೆತೆ, ಅದೊಂದು ನೆನಪಿದೆ. ಇಲ್ಲಿ ವೆದರ್ ಸೊನ್ನೆಗಿಂತ ಕೆಳಗೆ. ಹೆಲ್ತ್ ಪರವಾಗಿಲ್ಲ, ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ಮ್ಯಾಟರ್ ಮಾತ್ರ ಹೇಗೆ ಶುರುಮಾಡಬೇಕೋ ತಿಳಿಯುತ್ತಿಲ್ಲ.

ನೀನು ಕೇಳಿದ ಅಮ್ಮನ ಬೂದುಬಣ್ಣದ ಉಣ್ಣೆ ಕೋಟು ಸಿಕ್ಕಿದೆ. ಬಾಗಿಲ ಹಿಂದಿನ ಗೂಟದಲ್ಲೇ ಇತ್ತು, ಅದರೊಳಗೆ ಒಂದು ಸ್ವೆಟರ್, ಸ್ವೆಟರಿನೊಳಗೆ ಇನ್ನೊಂದು. ಒಟ್ಟಿಗೆ ಬಿಚ್ಚಿ ಒಟ್ಟಿಗೇ ನೇತುಹಾಕಿದ್ದಾಳೆ. ಅವಳ ಹವಳದ ಸರ ಇತ್ತು, ಕೈಗಡಿಯಾರ ಇತ್ತು, ಅದನ್ನೆಲ್ಲ ಬಿಟ್ಟು ಈ ಹಳೇ ಕೋಟು ಯಾಕೆ ಕೇಳಿದೆಯೋ ಗೊತ್ತಾಗಲಿಲ್ಲ. ಇರಲಿ, ಈ ಕಾಗದದ ಜೊತೆಗೇ ಕಟ್ಟಿ ಕಳಿಸುತ್ತೇನೆ.

ಈಗ ಮ್ಯಾಟರ್. ಸೋಮವಾರ ಮನೆಯ ಕರೆಂಟ್ ತೆಗೆದರು.

ಒಂದೇ ದಿನದಲ್ಲಿ ಆದದ್ದಲ್ಲ. ನಿನಗೆ ಗೊತ್ತಲ್ಲ, ಅಮ್ಮ ಇದ್ದಾಗ ಮನೆಯಲ್ಲಿ ಒಂಬತ್ತು ಹಾವು. ಅವಳು ಹೋದ ಮೇಲೆ ಅವು ಇಪ್ಪತ್ತಾರಾದವು. ಪ್ರತಿಯೊಂದಕ್ಕೂ ಒಂದು ಗಾಜಿನ ಮನೆ, ಒಂದು ಬಿಸಿದೀಪ. ಬೆಳಿಗ್ಗೆ ತಾವಾಗಿಯೇ ಹತ್ತಿಕೊಳ್ಳುವ, ಸಂಜೆ ತಾವಾಗಿಯೇ ಆರುವ ದೀಪಗಳು. ಮನೆಯಲ್ಲಿ ಯಾರೋ ಎದ್ದರು, ಯಾರೋ ಮಲಗಿದರು ಎನ್ನಿಸುತ್ತಿತ್ತು. ಬ್ಯಾಂಕಿನವರಿಗೆ ಇದನ್ನೆಲ್ಲ ಹೇಳುವುದು ಹೇಗೆ? ಅಲ್ಲಿಯ ಹುಡುಗಿ ನನ್ನ ಪೆನ್ಶನ್ ನೋಡಿ, ಖರ್ಚು ನೋಡಿ, "ಒಟ್ಮಾರ್ ಅವರೇ, ಇಷ್ಟೊಂದು ಇಲಿ ಯಾರಿಗೆ ತರಿಸ್ತೀರಿ?" ಎಂದು ಕೇಳಿದಳು.

ನಾನು ಖರ್ಚು ಹಿಡಿಯಲಿಲ್ಲವೆಂದು ತಿಳಿಯಬೇಡ. ಕಾರು ಮಾರಿದೆ, ಪತ್ರಿಕೆ ನಿಲ್ಲಿಸಿದೆ. ಫ್ರೀಜರಿನ ತುಂಬ ಹಾವಿನ ಇಲಿ, ನನ್ನ ತಟ್ಟೆಯಲ್ಲಿ ಆಲೂಗಡ್ಡೆ ಸೂಪು. ಹೀಟರಿನ ವಿಷಯದಲ್ಲಂತೂ ನನ್ನ 'ಎಕಾನಮಿ' ಅಮ್ಮನ ಕಾಲದಿಂದಲೂ ನಡೆದು ಬಂದದ್ದು. ಕಟ್ಟಡದ ನೆಲಮಾಳಿಗೆಯಲ್ಲಿ ಎಲ್ಲ ಮನೆಗಳಿಗೂ ಒಂದೇ ಬಾಯ್ಲರ್. ಯಾರು ಎಷ್ಟು ಬಿಸಿ ಬಳಸಿದರೋ ಅವರಿಗೆ ಅಷ್ಟು ಬಿಲ್ಲು. ಹಾವಿನ ಕೋಣೆಯ ದೀಪಕ್ಕೆ ಹೋಗುವ ದುಡ್ಡನ್ನು ಹೀಟರಿನಲ್ಲಿ ಉಳಿಸಬೇಕು ಎನ್ನುವುದು ನನ್ನ ಲೆಕ್ಕ. ಅಡುಗೆಮನೆಯ ಹೀಟರಿನ ತಿರುಪು ಐದರ ಪೈಕಿ ಒಂದರಲ್ಲಿ, ಹಜಾರದ್ದು ಒಂದರಲ್ಲಿ, ಮಲಗುವ ಕೋಣೆಯದು ಪೂರ್ತಿ ಬಂದ್. ನಾನೇ ತಿರುಗಿಸಿಟ್ಟದ್ದು. ಇಡೀ ಕಟ್ಟಡದಲ್ಲಿ ನಮ್ಮ ಮನೆಯದೇ ಕಡಿಮೆ ಎಂದು ಮಾಲೀಕರ ಕಡೆಯವನು ಹೊಗಳಿದ್ದ. ಅವತ್ತು ಅಮ್ಮ ಏನೆಂದಳು ಗೊತ್ತಾ? "ರೀ, ನಿಮ್ಮ ದೊರೆಸಾನಿಗೆ ಮೂವತ್ತು ಡಿಗ್ರಿ, ನನಗೆ ಮೂರು ಸ್ವೆಟರ್. ಲೆಕ್ಕ ಸರಿಹೋಯ್ತು ಬಿಡಿ." ನಾವಿಬ್ಬರೂ ನಕ್ಕಿದ್ದೆವು.

ದೊರೆಸಾನಿ ಎಂದರೆ ಆ ಹಸಿರು ಹೆಬ್ಬಾವು. ಕೊಂಬೆಯ ಮೇಲೆ ಮಡಿಕೆ ಮಡಿಕೆಯಾಗಿ ಕುಳಿತು, ನಡುವೆ ತಲೆ ಇಟ್ಟುಕೊಂಡು, ಬಾಡಿಗೆ ವಸೂಲಿಗೆ ಬಂದವಳ ಹಾಗೆ ನೋಡುತ್ತದೆ ಎಂದು ಅಮ್ಮನೇ ಇಟ್ಟ ಹೆಸರು. ಮೊದಮೊದಲು ಅವಳು ಆ ಕೋಣೆಗೆ ಕಾಲಿಡುತ್ತಿರಲಿಲ್ಲ, ನಿನಗೆ ನೆನಪಿರಬೇಕು. ಆದರೆ ಕೊನೆಯ ಚಳಿಗಾಲದಲ್ಲಿ, ಮೈಯಲ್ಲಿ ರಕ್ತವೇ ಆಗುತ್ತಿಲ್ಲವೆಂದು ಡಾಕ್ಟರು ಹೇಳಿದ ಮೇಲೆ, ಒಂದು ದಿನ ತಾನೇ ಕುರ್ಚಿ ಎಳೆದುಕೊಂಡು ಹೋಗಿ ದೊರೆಸಾನಿಯ ಹತ್ತಿರ ಕುಳಿತಳು. ಆಮೇಲೆ ದಿನವೂ ಅಲ್ಲೇ. ಹೆಣಿಗೆ ಅಲ್ಲಿ, ಕಾಫಿ ಅಲ್ಲಿ, ಮಧ್ಯಾಹ್ನದ ನಿದ್ದೆಯೂ ಅಲ್ಲಿ. ನನಗೆಷ್ಟು ಸಂತೋಷವಾಯಿತೆಂದರೆ ಹಾವು ಸಾಕುವವರ ಕ್ಲಬ್ಬಿನಲ್ಲಿ ಎಲ್ಲರ ಮುಂದೆ ಹೇಳಿಕೊಂಡೆ. ಮೂವತ್ತು ವರ್ಷ ಬೇಕಾಯ್ತು ನೋಡ್ರಪ್ಪಾ, ರೋಸ್ವಿಟಾಗೂ ಕೊನೆಗೆ ಹಾವಿನ ಹುಚ್ಚು ಹಿಡೀತು ಅಂತ. ಆ ಕುರ್ಚಿಯನ್ನು ನಾನು ಇವತ್ತಿಗೂ ಕದಲಿಸಿಲ್ಲ. ಅದರಲ್ಲಿ ಕುಳಿತೂ ಇಲ್ಲ.

ಇದನ್ನು ಯಾಕೆ ಬರೆದೆ ಎಂದರೆ, ಮುಂದೆ ನಡೆದದ್ದು ನಿನಗೆ ಅರ್ಥವಾಗಲಿ ಎಂದು.

ಕರೆಂಟ್ ಕಂಪನಿಯವರ ಕೊನೆಯ ನೋಟಿಸು ಬಂದಾಗ ಲೋಥಾರ್ ಮನೆಗೆ ಬಂದ. ಗಣಿಯಲ್ಲಿ ನನ್ನ ಜೊತೆ ಇಳಿಯುತ್ತಿದ್ದವನು, ಈಗ ಅವನಿಗೂ ಹಾವು, ಆದರೆ ನಾಲ್ಕೇ. ನೋಟಿಸನ್ನು ಎರಡು ಸಲ ಓದಿದ. "ಲೋ ಒಟ್ಮಾರ್, ಐನೂರು ಯೂರೋ ನಾನ್ ಕೊಡ್ತೀನಿ, ಕರೆಂಟಿಗೆ ಮೊದಲ ಕಂತು ಕಟ್ಟು. ಶನಿವಾರ ಹಾವಿನ ಸಂತೆಗೆ ಹೋಗಿ ನಿನ್ನ ದೊರೆಸಾನಿನ ಮಾರು, ಮಿಕ್ಕಿದ್ದೂ ತೀರುತ್ತೆ" ಎಂದ. ಒಪ್ಪಿದೆ. ದೇವರಾಣೆ, ಮನಸ್ಸಿನಿಂದಲೇ ಒಪ್ಪಿದೆ.

ಸಂತೆ ನಡೆಯುವ ಆ ಸಭಾಂಗಣ ನಿನಗೆ ಗೊತ್ತು, ಚಿಕ್ಕವಳಿದ್ದಾಗ ಕರೆದುಕೊಂಡು ಹೋಗುತ್ತಿದ್ದೆ. ಬಾಗಿಲು ತೆರೆಯುವ ಮೊದಲೇ ಸಾಲು, ಪ್ಲಾಸ್ಟಿಕ್ ಡಬ್ಬಿಗಳ ಬೆಟ್ಟ, ಸಾಸೇಜಿನ ಹೊಗೆ. ಪ್ರಾಗ್ ಕಡೆಯ ಒಬ್ಬ ಮನುಷ್ಯ ದೊರೆಸಾನಿಯನ್ನು ನೋಡಿ ನಿಂತೇಬಿಟ್ಟ. ಅವನಿಗೆ ನಮ್ಮ ಭಾಷೆ ಬಾರದು, ನನಗೆ ಅವನದು ಬಾರದು. ಕಾಲೇಜಿನ ಇಂಗ್ಲಿಷನ್ನು ದೂಳು ಕೊಡವಿ ತೆಗೆದೆ. "ಗುಡ್ ಈಟಿಂಗ್, ಸರ್. ವೆರಿ ಗುಡ್ ಕ್ಯಾರೆಕ್ಟರ್" ಎಂದೆ. ಸಾವಿರದ ನಾನೂರಕ್ಕೆ ಮಾತಾಯಿತು. ನೋಟುಗಳನ್ನು ಹೊರಗೆ ತೆಗೆದ. ಡಬ್ಬಿ ಕೊಡಬೇಕು, ನನ್ನ ಕೈ ಬಿಡಲಿಲ್ಲ. "ಶೀ ಈಸ್ ಮೈ ವೈಫ್ ಹ್ಯಾಪಿನೆಸ್" ಎಂದುಬಿಟ್ಟೆ. ಅವನು ನನ್ನ ಮುಖ ನೋಡಿದ, ನೋಟು ಮಡಿಸಿ ಜೇಬಿಗಿಟ್ಟುಕೊಂಡ, ಭುಜ ತಟ್ಟಿ ಹೋದ. ಒಳ್ಳೆಯವನು.

ಅಲ್ಲಿಗೇ ಮುಗಿದಿದ್ದರೆ! ಮಾರಲಾಗಲಿಲ್ಲವೆಂದ ಮೇಲೆ ದುಡ್ಡು ಬೇರೆ ಎಲ್ಲಿಂದ ಹುಟ್ಟಬೇಕು ಎಂದು ಯೋಚಿಸುತ್ತಾ ಮೇಜುಗಳ ನಡುವೆ ನಡೆದೆ. ನಾಲ್ಕನೇ ಸಾಲಿನಲ್ಲಿ ಒಂದು ಗಂಡು ಕಂಡಿತು, ಅದೇ ಜಾತಿ, ಅದೇ ಹಸಿರು, ಬೆನ್ನ ಮೇಲೆ ನೀಲಿ ಗೆರೆ. ತಲೆಯೊಳಗೆ ಲೆಕ್ಕ ತಾನಾಗಿಯೇ ಓಡಿತು: ಜೋಡಿಯಾದರೆ ಮೊಟ್ಟೆ, ಮೊಟ್ಟೆಯಾದರೆ ಮರಿ, ಒಂದೊಂದು ಮರಿಗೂ ಮುನ್ನೂರು ಯೂರೋ, ಎರಡು ವರ್ಷದಲ್ಲಿ ಸಾಲವೇ ಇಲ್ಲ. ಹಾವು ಸಾಕುವ ಯಾರನ್ನು ಬೇಕಾದರೂ ಕೇಳು, ಎಲ್ಲರೂ ಒಂದಲ್ಲ ಒಂದು ದಿನ ಈ ಲೆಕ್ಕ ಹಾಕಿದವರೇ. ಲೋಥಾರ್ ಕೊಟ್ಟ ಐನೂರನ್ನು ಮುಂಗಡವಾಗಿ ಕೊಟ್ಟೆ, ಮಿಕ್ಕಿದ್ದು ತಿಂಗಳ ಕಂತು.

ಹೊರಗೆ ಕಾರಿನಲ್ಲಿ ಕಾಯುತ್ತಿದ್ದ ಲೋಥಾರ್ ನನ್ನ ಎರಡು ಕೈಯಲ್ಲೂ ಡಬ್ಬಿ ನೋಡಿ, "ಹೆಣ್ಣನ್ನ ಮಾರೋಕೆ ಅಂತ ಹೋದೋನು ಮನೆ ಅಳಿಯನ್ನ ಕರ್ಕೊಂಡು ಬಂದ್ಯಾ?" ಎಂದ.

ಸೋಮವಾರ ಕಂಪನಿಯವನು ಬಂದ. ಮರ್ಯಾದಸ್ಥ, ಕಾಲೊರೆಸಿಕೊಂಡು ಒಳಗೆ ಬಂದ. ಇಪ್ಪತ್ತೇಳು ಜೀವ ಇದೆ ಸ್ವಾಮಿ, ಒಂದು ವಾರ ಕೊಡಿ ಎಂದು ಬೇಡಿಕೊಂಡೆ. ಅವನು ಕೇಳಿದ: "ಮನೇಲಿ ಚಿಕ್ಕ ಮಕ್ಕಳಿದಾರಾ? ಕಾಯಿಲೆಯವರು? ಚಳಿಯಿಂದ ತೊಂದರೆ ಆಗೋಂಥವರು ಯಾರಾದ್ರೂ ಇದಾರಾ? ಇದ್ರೆ ಹೇಳಿ, ನಾನು ಹಂಗೇ ವಾಪಸ್ ಹೋಗ್ತೀನಿ."

"ಇಲ್ಲ, ಹಾವುಗಳು ಮಾತ್ರ" ಎಂದೆ.

"ಹಾವನ್ನ ಲೆಕ್ಕಕ್ಕೆ ಹಿಡಿಯೋಕೆ ಬರಲ್ಲ ಸಾರ್" ಎಂದ. ನಿಜವಾಗಿಯೂ ಬೇಜಾರಿನಿಂದಲೇ ಹೇಳಿದ. ಆಮೇಲೆ ಮೀಟರಿನ ಹತ್ತಿರ ಏನೋ ಮಾಡಿದ. ದೀಪಗಳೆಲ್ಲ ಒಟ್ಟಿಗೆ ಆರಿದವು. ಆ ಫ್ಯಾನು, ಪಂಪುಗಳ ಗುಂಯ್ ಎನ್ನುವ ಸದ್ದು ವರ್ಷಗಳಿಂದ ಇತ್ತು ಎನ್ನುವುದೇ ನನಗೆ ಆಗ ಗೊತ್ತಾದದ್ದು.

ಸಂಜೆಯೊಳಗೆ ಲೋಥಾರ್ ಬಂದು ಎಲ್ಲವನ್ನೂ ಬಟ್ಟೆಚೀಲಗಳಲ್ಲಿ ಕಟ್ಟಿಕೊಂಡು ತನ್ನ ನೆಲಮಾಳಿಗೆಗೆ ಒಯ್ದ. ಬೈಯಲಿಲ್ಲ, ಅದೇ ಹೆಚ್ಚು ನೋವಾಯಿತು. ಬಾಗಿಲಲ್ಲಿ ನಿಂತು ಹೇಳಿದ: "ಒಂದೊಂದಾಗಿ ಮಾರಿ ನಿನ್ ಸಾಲ ತೀರಿಸ್ತೀನಿ, ನಂದೂ ಸೇರಿಸಿ. ದೊರೆಸಾನಿಗೆ ಭಾನುವಾರ ಗಿರಾಕಿ ಬರ್ತಾನೆ. ಅಷ್ಟರಲ್ಲಿ ಸಾವಿರದ ನಾನೂರು ಹೊಂದಿಸಿದ್ರೆ ಅದು ನಿಂದೇ. ಇಲ್ಲಾಂದ್ರೆ ನನ್ನ ಕೇಳ್ಬೇಡ."

ವೀಬ್ಕೆ, ನಾನು ಯಾವತ್ತೂ ನಿನ್ನನ್ನು ಕೇಳಿಲ್ಲ. ಅಂತ್ಯಕ್ರಿಯೆಯ ದಿನ ನೀನು, "ಅಪ್ಪಾ, ಆ ಕೋಣೆ ನಮ್ಮನೇಲಿರೋದಲ್ಲ, ನಾವೇ ಅದರ ಹೊರಗಡೆ ಇರೋದು" ಎಂದು ಹೇಳಿ ಹೊರಟೆ. ಮತ್ತೆ ಈ ಮನೆಗೆ ಬರಲಿಲ್ಲ. ಆ ಮಾತು ನನ್ನ ಕಿವಿಯಲ್ಲೇ ಇದೆ. ಮಿಕ್ಕ ಇಪ್ಪತ್ತಾರು ಹೋಗಲಿ, ಒಂದಕ್ಕೂ ಅಳುವುದಿಲ್ಲ. ದೊರೆಸಾನಿ ಒಂದನ್ನು ಉಳಿಸಿಕೊಡು. ನನಗಾಗಿ ಬೇಡ. ಅಮ್ಮ ಕೊನೆಗಾಲದಲ್ಲಿ ಮನಸಾರೆ ಇಷ್ಟಪಟ್ಟ ಜೀವ ಅದು. ಅದೂ ಹೋದರೆ ಆ ಚಳಿಗಾಲಕ್ಕೆ ಸಾಕ್ಷಿ ಯಾರು? ಈ ಮುದುಕ ಕೈಚಾಚಿ ಕೇಳುತ್ತಿದ್ದಾನೆ. ನಾಚಿಕೆ ಇತ್ತು, ಅದನ್ನೂ ಲೋಥಾರ್‌ನ ಕಾರಿನಲ್ಲೇ ಬಿಟ್ಟುಬಂದೆ ಎಂದು ತಿಳಿ.

ಮಗುವಿಗೆ ಮುತ್ತು. ನೀನು ರಾತ್ರಿ ಪಾಳಿ ಮುಗಿಸಿ ಬರುವಾಗ ಕತ್ತಿಗೆ ಏನಾದರೂ ಸುತ್ತಿಕೋ. ದೇವರು ನಿಮ್ಮಿಬ್ಬರನ್ನೂ ಬೆಚ್ಚಗಿಟ್ಟಿರಲಿ. ಕೊನೆಯಲ್ಲಿ 'ಯುವರ್ಸ್ ಫೇತ್‌ಫುಲಿ' ಎಂದು ಬರೆಯಲು ಕಲಿಸಿದ್ದರು, ಮಗಳಿಗೆ ಅದು ಸರಿಯೋ ತಪ್ಪೋ ಮರೆತಿದ್ದೇನೆ.

ನಿನ್ನ ಅಪ್ಪ,
ಒಟ್ಮಾರ್

ತಾ.ಕ. ಶುಕ್ರವಾರ. ಕಾಗದವನ್ನು ಇನ್ನೂ ಅಂಚೆಗೆ ಹಾಕಿಲ್ಲ. ಕೋಟನ್ನು ಮಡಿಸಲು ಕುಳಿತರೆ ಬೆರಳು ಬಗ್ಗಲಿಲ್ಲ. ಬಾಯಿಂದ ಹೊಗೆ ಬರುತ್ತಿತ್ತು, ಮನೆಯೊಳಗೇ. ಆ ಕೋಟನ್ನೇ ಹಾಕಿಕೊಂಡೆ. ತೋಳು ಗಿಡ್ಡ. ಒಂದು ಸಾಲದೆಂದು ಒಳಗೆ ಸ್ವೆಟರೂ ಹಾಕಿಕೊಂಡೆ, ಆಮೇಲೆ ಇನ್ನೊಂದನ್ನೂ. ಆದರೂ ನಡುಕ ನಿಲ್ಲಲಿಲ್ಲ. ಹೊದಿಕೆ ಹಿಡಿದು ಅಡುಗೆಮನೆಯಿಂದ ಹಜಾರಕ್ಕೆ, ಹಜಾರದಿಂದ ಹಾವಿನ ಕೋಣೆಗೆ ಹೋದೆ. ಅಲ್ಲೀಗ ಖಾಲಿ ಗಾಜು, ನೋಡಲು ಏನೂ ಇಲ್ಲ. ಆದರೂ ಕಾಲು ಅಲ್ಲಿಗೇ ಹೋದವು. ಸ್ವಲ್ಪ ಬೆಚ್ಚಗಿದ್ದೀತು ಎಂದು. ಅದಕ್ಕೇ, ಬೇರೆ ಯಾವುದಕ್ಕೂ ಅಲ್ಲ.

ಅಮ್ಮನ ಕುರ್ಚಿಯಲ್ಲಿ ಮೊದಲ ಸಲ ಕುಳಿತೆ. ದಿನವೂ ಕಂಡ ಕುರ್ಚಿ, ಆದರೂ ಎದುರಿಗೆ ದೊರೆಸಾನಿಯ ಮನೆ ಇರುತ್ತದೆ ಎಂದೇ ಅಂದುಕೊಂಡಿದ್ದೆ. ಎದುರಿಗಿರುವುದು ಗೋಡೆ. ಬರೀ ಗೋಡೆ, ವೀಬ್ಕೆ. ದೊರೆಸಾನಿಯ ಗಾಜಿನ ಮನೆ ಬೆನ್ನ ಹಿಂದೆ. ಅದರ ಬಿಸಿದೀಪ ಸರಿಯಾಗಿ ನನ್ನ ಎರಡು ಹೆಗಲುಗಳ ನಡುವೆ. ಇಡೀ ಚಳಿಗಾಲ ಅವಳು ಒಂದು ದಿನವೂ ಅದರ ಕಡೆ ತಿರುಗಿ ಕುಳಿತಿರಲಿಲ್ಲ.

ನಾನು ಅದನ್ನು ಕ್ಲಬ್ಬಿನಲ್ಲಿ ಹೇಳಿಕೊಂಡು ಮೆರೆದೆ.

ದುಡ್ಡು ಕಳಿಸಬೇಡ. ಕೆಳಗಿನ ಮನೆಯವರ ಫೋನಿನಿಂದ ಲೋಥಾರ್‌ಗೆ ಹೇಳಿದ್ದೇನೆ, ಭಾನುವಾರ ಮಾರಿಬಿಡು ಎಂದು. ಯಾಕೋ ಅಂದ, ಫೋನಿಟ್ಟುಬಿಟ್ಟೆ. ನೀನು ಕೋಟನ್ನೇ ಯಾಕೆ ಕೇಳಿದೆ ಎಂದು ಈಗ ಹೊಳೆಯಿತು. ಚಳಿ ಎಂದು ಅವಳು ನಿನ್ನ ಹತ್ತಿರ ಹೇಳಿಕೊಂಡಿದ್ದಳಾ? ನನ್ನ ಹತ್ತಿರ ಹೇಳಿದ್ದು ಒಂದೇ ಸಲ, ತಮಾಷೆ ಮಾಡಿ.

ಫೋನು ಮಾಡಿ ಮೇಲೆ ಬಂದವನು ಮಲಗುವ ಕೋಣೆಗೆ ಹೋಗಿ ಹೀಟರಿನ ತಿರುಪು ಹಿಡಿದೆ. ಎಷ್ಟು ಕಾಲದಿಂದ ಬಂದ್ ಆಗಿತ್ತೋ, ಕೈಗೆ ಬಗ್ಗಲಿಲ್ಲ, ಇಕ್ಕಳ ತಂದು ತಿರುಗಿಸಿದೆ. ಅದಕ್ಕೆ ನಮ್ಮ ಮನೆಯ ಕರೆಂಟು ಬೇಕಿಲ್ಲ, ಕೆಳಗಿನ ಬಾಯ್ಲರು ಉರಿಯುತ್ತಲೇ ಇತ್ತು. ಪೈಪು ಎರಡು ಸಲ ಟಕ್ ಟಕ್ ಎಂದಿತು. ಸ್ವಲ್ಪ ಹೊತ್ತಿನಲ್ಲೇ ಅವಳು ಮಲಗುತ್ತಿದ್ದ ಕಡೆಯ ಗೋಡೆಯೆಲ್ಲ ಬೆಚ್ಚಗಾಯಿತು. ಅವಳಿಗೆ ಅಷ್ಟೇ ಸಾಕಾಗಿತ್ತು.

ಮಂಚದ ಆ ಬದಿಯಲ್ಲಿ ಕುಳಿತು ಇದನ್ನು ಬರೆಯುತ್ತಿದ್ದೇನೆ. ಹೀಟರು ಕೈಗೆಟುಕುವಷ್ಟು ಹತ್ತಿರದಲ್ಲಿದೆ. ಕೈ ಕಾಯಿಸಿಕೊಳ್ಳಲು ಮಾತ್ರ ಆಗುತ್ತಿಲ್ಲ.