ಎಣಿಸದ ಉಸಿರು

ಭಾನುವಾರ, ಮಾರ್ಚ್ ೧೪

ಪ್ರೀತಿಯ ತಂಗಿಗೆ,

ನಿನ್ನ ಕಾಗದ ಬಂದು ಹನ್ನೆರಡು ದಿನವಾಯಿತು. ಎರಡು ಸಲ ಉತ್ತರ ಬರೆದು ಹರಿದು ಹಾಕಿದೆ; ಅವುಗಳಲ್ಲಿ ಬೈಗುಳ ಬಿಟ್ಟರೆ ಬೇರೇನೂ ಇರಲಿಲ್ಲ. ಇದರಲ್ಲೂ ಇರುತ್ತದೆ, ಆದರೆ ವಿಷಯವೂ ಇದೆ. ನಿಮ್ಮ ಯಜಮಾನರ ಮಂಡಿನೋವು ಇಳಿದಿದೆ ಎಂದುಕೊಂಡಿದ್ದೇನೆ.

"ಹೆತ್ತಿದ್ದರೆ ಗೊತ್ತಾಗ್ತಿತ್ತು ನಿಂಗೆ" ಎಂದು ಬರೆದಿದ್ದೀಯ. ಬರೆಯುವಾಗ ಕೈ ತಡೆಯಲಿಲ್ಲವೇನೇ? ಇರಲಿ. ನಿನ್ನ ಚಿನಕುರಳಿಯನ್ನು ನರ್ಸಿಂಗ್ ಪ್ರಾಯೋಗಿಕ ಪರೀಕ್ಷೆಯಲ್ಲಿ ಫೇಲ್ ಮಾಡಿದವಳು ನಾನೇ. ಅವಳು ನನ್ನ ತಂಗಿಯ ಮಗಳು, ಬೇರೆ ಪರೀಕ್ಷಕರನ್ನು ಹಾಕಿ ಎಂದು ಮೊದಲೇ ಬರೆದುಕೊಟ್ಟಿದ್ದೆ. ಬೇರೆ ಯಾರೂ ಇಲ್ಲ ಎಂದರು ಪ್ರಿನ್ಸಿಪಾಲರು. ನಡೆದದ್ದರಲ್ಲಿ ಅರ್ಧವನ್ನು ಅವಳು ನಿನಗೆ ಹೇಳಿದ್ದಾಳೆ. ಉಳಿದರ್ಧ ಕೇಳು.

ಹನ್ನೊಂದು ಹುಡುಗಿಯರು, ಹನ್ನೊಂದು ರೋಗಿಗಳು. ಜ್ವರ, ನಾಡಿ, ರಕ್ತದೊತ್ತಡ, ಉಸಿರು ನೋಡಿ ಚಾರ್ಟಿನಲ್ಲಿ ಬರೆಯಬೇಕು. ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು. ಅದೂ ನಾಡಿ ನೋಡುವವರ ಹಾಗೆ ಮಣಿಕಟ್ಟು ಹಿಡಿದುಕೊಂಡೇ, ರೋಗಿಗೆ ತಿಳಿಯದಂತೆ. ಹನ್ನೊಂದು ಚಾರ್ಟುಗಳನ್ನು ಮೇಜಿನ ಮೇಲೆ ಹರಡಿ ನೋಡಿದರೆ ಒಂಬತ್ತರಲ್ಲಿ ಉಸಿರು ಇಪ್ಪತ್ತು, ಆರೋಗ್ಯವಂತರ ಲೆಕ್ಕ! "ಏನ್ರಮ್ಮಾ, ವಾರ್ಡಿನವರೆಲ್ಲ ಮೀಟಿಂಗ್ ಮಾಡಿ ಒಂದೇ ಲೆಕ್ಕಕ್ಕೆ ಉಸಿರಾಡ್ತಿದಾರಾ?" ಎಂದೆ. ಒಬ್ಬಳು ಕಿಸಕ್ಕನೆ ನಕ್ಕಳು. ಅವಳೂ ಇಪ್ಪತ್ತೇ ಬರೆದಿದ್ದಳು.

ನಿನ್ನ ಮಗಳಿಗೆ ಸಿಕ್ಕವರು ಒಬ್ಬ ಮುದುಕ ದರ್ಜಿ. ದಿಂಬಿಗೆ ಒರಗಿ, ಬಾಯಿ ತೆರೆದು ಕೂತಿದ್ದರು. ಅವಳು ಕೈ ತೊಳೆದದ್ದು, ಹೆಸರು ಕೇಳಿದ್ದು, ಹೊದಿಕೆ ಸರಿಮಾಡಿದ್ದು, ಎಲ್ಲ ಕಣ್ಣಿಗೆ ಹಬ್ಬ. ಅವಳಷ್ಟು ಚೆಂದ ಯಾರೂ ಮಾಡಲಿಲ್ಲ, ಅದನ್ನೂ ಬರೆದುಕೋ. ಅವರ ಕೈ ಹಿಡಿದು ಅರ್ಧ ನಿಮಿಷ ನಿಂತಳು, ನನ್ನತ್ತ ನೋಡಿ ಮುಗುಳ್ನಕ್ಕಳು, ಉಸಿರು ಇಪ್ಪತ್ತು ಎಂದು ಬರೆದಳು. ನಾನು ಮಂಚದ ಕಾಲಬದಿಯಲ್ಲಿ ಗಡಿಯಾರ ಹಿಡಿದು ಕೂತಿದ್ದೆ. ನನ್ನ ಎಣಿಕೆಗೆ ಮೂವತ್ತನಾಲ್ಕು.

"ಎಣಿಸಿದೆಯಾ?"

"ಎಣಿಸಿದೆ ದೊಡ್ಡಮ್ಮ."

ಬರೆದದ್ದಕ್ಕಿಂತ ಆ ಮಾತು ನನ್ನನ್ನು ಸುಟ್ಟಿತು. ಡಾಕ್ಟರನ್ನು ಕರೆಸಿ ಆಮ್ಲಜನಕ ಹಚ್ಚಿಸಿದ ಮೇಲೆ ಕಾರಿಡಾರಿನಲ್ಲಿ ಹಿಡಿದು ಕೇಳಿದರೆ, "ಎಲ್ಲರೂ ಹಾಗೇ ಬರೀತಾರೆ. ಹಳೇ ಸಿಸ್ಟರ್‌ಗಳೇ ಹೇಳ್ಕೊಟ್ಟಿದ್ದು" ಎಂದಳು. ದರ್ಜಿಯಂತೂ ಏದುಸಿರಿನಲ್ಲೇ ನನ್ನನ್ನು ಕರೆದು, "ಬಿಟ್ಬಿಡೀಮ್ಮಾ... ಮಗು ಚೆನ್ನಾಗಿ ನೋಡ್ಕೊಂಡ್ಲು" ಎಂದು ಶಿಫಾರಸು ಮಾಡಿದರು.

ಎಣಿಸದೆ ಬರೆದರೆ ಉಳಿದ ಅಂಕ ಎಷ್ಟಿದ್ದರೂ ಫೇಲ್ ಎಂಬ ನಿಯಮ ಅಂಕಪಟ್ಟಿಯಲ್ಲೇ ಅಚ್ಚಾಗಿದೆ. ಒಂಬತ್ತೂ ಜನರನ್ನು ಫೇಲ್ ಮಾಡಿದೆ. ಪ್ರಿನ್ಸಿಪಾಲರು ಎಲ್ಲರೂ ಪಾಸೆಂದು ಬರೆದ ಹೊಸ ಅಂಕಪಟ್ಟಿಯನ್ನೇ ಸಹಿಗೆ ಮುಂದಿಟ್ಟರು. "ಮೇಡಂ, ಒಂದು ಗೀಟಿಗೆ ಆರು ತಿಂಗಳು ಹಾಳು ಮಾಡ್ತೀರಾ? ಕೆಲಸಕ್ಕೆ ಸೇರಿದ ಮೇಲೆ ಕಲಿತ್ಕೋತಾರೆ ಬಿಡಿ." ಯಾರ ಮೇಲೆ ಕಲಿಯುತ್ತಾರೆ ಸಾರ್, ನಿಮ್ಮ ಮೇಲಾ ಎಂದು ಕೇಳಿದೆ. ಸಹಿ ಹಾಕಲಿಲ್ಲ, ಹಾಕುವುದೂ ಇಲ್ಲ. ಮುಂದಿನ ಸಲ ನನ್ನನ್ನು ಪರೀಕ್ಷೆಗೆ ಕರೆಯುವುದಿಲ್ಲವಂತೆ. ಮಹಾ ಉಪಕಾರ!

ಮರುಪರೀಕ್ಷೆಯವರೆಗಿನ ಈ ಆರು ತಿಂಗಳು ಅವಳನ್ನು ನನ್ನ ಬಳಿ ಕಳಿಸು. ದಿನಾ ಬೆಳಗ್ಗೆ ವಾರ್ಡಿಗೆ ಕರೆದೊಯ್ಯುತ್ತೇನೆ, ಎಣಿಸಲಿ. ನನ್ನ ಮೇಲೆ ಕೋಪವಿದ್ದರೆ ಮಾತಾಡದೆಯೇ ಎಣಿಸಲಿ. ಅವಳ ಕೈ ಒಳ್ಳೆಯದು ಕಣೇ. ಅದಕ್ಕೇ ಇಷ್ಟು ಸಿಟ್ಟು. ಅವಳು ನನಗಿಂತ ಒಳ್ಳೆಯ ನರ್ಸ್ ಆಗಲಿ, ನಿನ್ನ ಮನೆ ತಣ್ಣಗಿರಲಿ.

ಇಂತಿ,
ನಿನ್ನ ಅಕ್ಕ

ಮರೆತ ಮಾತು: ಮರೆತದ್ದಲ್ಲ. ಅಪ್ಪ ಹೋದ ದಿನ ಡಾಕ್ಟರು ತಡವಾಗಿ ಬಂದರೆಂದು ಇಪ್ಪತ್ತಾರು ವರ್ಷದಿಂದ ನೀನು ಅವರಿಗೆ ಹಿಡಿಶಾಪ ಹಾಕುತ್ತಿದ್ದೀಯ, ನಾನು ಹೂಂಗುಟ್ಟುತ್ತಿದ್ದೇನೆ. ಅವರು ತಡವಾಗಿ ಬರಲಿಲ್ಲ. ಹತ್ತು ಗಂಟೆಗೇ ವಾರ್ಡಿಗೆ ಬಂದಿದ್ದರು; ಡ್ಯೂಟಿಯಲ್ಲಿದ್ದ ನರ್ಸ್ ನಾನೇ. ಅಪ್ಪ ನನ್ನೊಡನೆ ನಿನ್ನ ಮದುವೆಯ ಮಾತಾಡುತ್ತಿದ್ದರು. ಡಾಕ್ಟರು ನಾನು ಬರೆದ ಚಾರ್ಟು ನೋಡಿ, ಸರಿಯಿದೆ ಎಂದು ಪಕ್ಕದ ಮಂಚಕ್ಕೆ ಹೋದರು. ನಾನು ಎಣಿಸಿರಲಿಲ್ಲ.