ಮುತ್ತುಗದ ಎಲೆಯ ದೇಹ

ಭಾಂಡುಪ್, ಮುಂಬಯಿ
೯ ಫೆಬ್ರವರಿ ೧೯೫೫

ಅಂಗರಚನಾಶಾಸ್ತ್ರದ ಪ್ರಾಧ್ಯಾಪಕರಾದ ಡಾಕ್ಟರ್ ಶ್ರೀಕಂಠಯ್ಯನವರಿಗೆ ವಂದನೆಗಳು.

ತಾವು ಕನ್ನಡಿಗರೆಂದು ತಿಳಿದು ಕನ್ನಡದಲ್ಲೇ ಬರೆಯುತ್ತಿದ್ದೇನೆ. ಕಳೆದ ತಿಂಗಳು ಲೋಕಲ್ ರೈಲಿನಿಂದ ಬಿದ್ದು ಸತ್ತ ಯುವಕನೊಬ್ಬನ ದೇಹವನ್ನು, ವಾರಸುದಾರರಿಲ್ಲವೆಂದು ಪೊಲೀಸರು ತಮ್ಮ ಕಾಲೇಜಿಗೆ ಒಪ್ಪಿಸಿದರು. ಅವನು ನನ್ನ ಮಗ ನರಹರಿ. ಮೈಸೂರಿನಲ್ಲಿ ಸೋದರಮಾವನ ಮನೆಯಲ್ಲಿದ್ದಾನೆಂದು ನಾವು ನಂಬಿದ್ದೆವು. ಅವನು ಅಲ್ಲಿಲ್ಲವೆಂದು ಕಾಗದ ಬಂದ ಮೇಲೆ ಹುಡುಕಿಕೊಂಡು ಹೋಗಿ ಠಾಣೆಯಲ್ಲಿ ಫೋಟೋ ನೋಡಿದ್ದು ಮೊನ್ನೆ. ಕೊಯ್ಯುವ ಕೆಲಸ ಆಗಲೇ ಶುರುವಾಗಿದೆಯೆಂದು ತಮ್ಮ ಕಚೇರಿಯವರು ತಿಳಿಸಿದರು.

ತಮ್ಮ ಮೇಲೆ ದೂರಿಲ್ಲ. ಅಲೆಕ್ಸಾಂಡ್ರಿಯದಲ್ಲಿ ಮೊದಲು ಮನುಷ್ಯರ ಶವಗಳನ್ನು ಕೊಯ್ದು ನೋಡಿದ ಗ್ರೀಕ್ ವೈದ್ಯ ಹೆರೋಫಿಲಸ್‌ನ ಪರವಾಗಿ ನಾನು ಓದುತ್ತಿದ್ದಾಗ ಕಾಲೇಜಿನ ಚರ್ಚಾಕೂಟದಲ್ಲಿ ವಾದಿಸಿ ಗೆದ್ದವನು. ಸತ್ತ ದೇಹ ಬದುಕಿರುವವರ ವಿದ್ಯೆಗೆ ಸಲ್ಲಬೇಕೆಂದಿದ್ದೆ. ಆ ಮಾತನ್ನು ಹಿಂದಕ್ಕೆ ಪಡೆಯುವುದಿಲ್ಲ.

ದೇಹ ಸಿಗದಿದ್ದರೆ ಮುತ್ತುಗದ ಎಲೆಗಳಿಂದ ತಲೆ, ಎದೆ, ಕೈಕಾಲು ಜೋಡಿಸಿ ದಹಿಸುವುದು ನಮ್ಮ ಪದ್ಧತಿ. ಎಲೆ ತಂದಿಟ್ಟಿದ್ದೇನೆ. ಆದರೆ ಪುರೋಹಿತರು, "ಒಂದು ಮೂಳೆ ಸಿಕ್ಕರೂ ಸಾಕು ರಾಯರೇ, ಎಲೆ ಬೇಡ" ಎಂದರು. ನನ್ನ ಹೆಂಡತಿ ರಮಾಮಣಿ ಆ ಮಾತನ್ನೇ ಹಿಡಿದಿದ್ದಾಳೆ. "ಊರಿಗೆಲ್ಲ ವಾದ ಮಾಡ್ತಿದ್ರಲ್ಲ, ಹೋಗಿ ಕೇಳ್ರೀ" ಎನ್ನುತ್ತಾಳೆ.

ವಿದ್ಯಾರ್ಥಿಗಳ ಅಭ್ಯಾಸ ಮುಗಿದ ಮೇಲೆ ಒಂದು ಮೂಳೆ ಕೊಡಿಸಬೇಕು. ಎಲ್ಲರದೂ ಬೆರೆತು ಗುರುತು ಸಿಗದಿದ್ದರೆ ಹಾಗೆಂದೇ ಬರೆಯಿರಿ, ಬೇರೆಯವರದನ್ನು ಕಳಿಸಬೇಡಿ.

ಸಾಧ್ಯವಾದರೆ ಎಡಗೈಯದಿರಲಿ. ಚಿಕ್ಕಂದಿನಲ್ಲಿ ಅವನು ಆ ಕೈಯಲ್ಲೇ ಬರೆಯುತ್ತಿದ್ದ. ನಾನು ಬಿಡಿಸಿದ್ದೆ.

ತಮ್ಮ ಉತ್ತರಕ್ಕಾಗಿ ಕಾಯುತ್ತಿರುವ,
ಕೆ. ವೆಂಕಟಸುಬ್ಬಯ್ಯ